710 ಪ್ಲೈ ಅಂತ ಬರೆದು 303 ಹಾಕಿದ್ದಾರೆ, ಈಗ ಏನು ಮಾಡಲಿ?

ಓದುಗರ ಪ್ರಶ್ನೆ: ಬನಶಂಕರಿ ಎರಡನೇ ಹಂತದಲ್ಲಿ ನಮ್ಮದೊಂದು ಹಳೇ ಫ್ಲಾಟ್ ಇದೆ. ಅಡುಗೆಮನೆ, ಎರಡು ಬಾತ್‌ರೂಮ್, ವೈರಿಂಗ್ ಎಲ್ಲಾ ಹೊಸದಾಗಿ ಮಾಡಿಸುತ್ತಿದ್ದೇವೆ. ಮೆಟೀರಿಯಲ್ ಸಮೇತ 9 ಲಕ್ಷಕ್ಕೆ ಮಾತಾಗಿದೆ, 6.5 ಲಕ್ಷ ಕೊಟ್ಟಾಗಿದೆ. ಕೊಟೇಶನ್‌ನಲ್ಲಿ ಅಡುಗೆಮನೆಗೆ 710 ಪ್ಲೈ (ನೀರು ತಡೆಯುವ ಪ್ಲೈವುಡ್) ಅಂತ ಬರೆದಿದ್ದಾರೆ. ಮೊನ್ನೆ ಸಿಂಕ್ ಕೆಳಗಿನ ಬಾಕ್ಸ್ ನೋಡಿದರೆ 303 ಎಂಆರ್ (ಸಾಮಾನ್ಯ ಬಳಕೆಯ ಪ್ಲೈ) ಅಂತ ಸೀಲ್ ಇದೆ. ಮೊದಲನೇ ಬಾತ್‌ರೂಮಿನಲ್ಲಿ ಬಿಸಿನೀರಿಗೂ ತಣ್ಣೀರಿಗೂ ಒಂದೇ ಥರದ ಬಿಳಿ ಪೈಪ್ ಹಾಕಿದ್ದಾರೆ, ಗೋಡೆಗೆ ಇನ್ನೂ ಟೈಲ್ಸ್ ಹಾಕಿಲ್ಲ. ನೆಲಕ್ಕೆ ಹಾಕಿರುವ ಟೈಲ್ಸ್ ನಾವು ಅಂಗಡಿಯಲ್ಲಿ ಆರಿಸಿದ ಬಣ್ಣ ಅಲ್ಲ. ಕೇಳಿದರೆ ‘ಕ್ವಾಲಿಟಿ ಎಲ್ಲಾ ಒಂದೇ ಮೇಡಂ, ನಮ್ಮ ಮನೆಗೂ ಇದನ್ನೇ ಹಾಕಿದ್ದೀವಿ’ ಅಂತಾರೆ. ಕಂಟ್ರಾಕ್ಟರ್ ನಮ್ಮ ಯಜಮಾನರ ಅಕ್ಕನ ಮನೆ ಕಡೆಯಿಂದ ಪರಿಚಯ, ಜಗಳ ಆಡೋಕೆ ಮನಸ್ಸಿಲ್ಲ. ಎಲ್ಲಾ ಕೀಳಿಸಬೇಕಾ? ಬಾಕಿ ದುಡ್ಡು ತಡೆ ಹಿಡಿಯಬಹುದಾ? ಎರಡನೇ ಬಾತ್‌ರೂಮ್ ಇನ್ನೂ ಶುರುವಾಗಿಲ್ಲ, ಅದನ್ನೂ ಇವರಿಗೇ ಕೊಡೋದಾ?

ಉತ್ತರ:

ಮೇಡಂ, ಇದನ್ನು ಓದಿದ ಕೂಡಲೇ ಒಂದು ಫೋನ್ ಮಾಡಿ. ಆ ಬಾತ್‌ರೂಮಿನ ಗೋಡೆಗೆ ಟೈಲ್ಸ್ ಹಾಕೋದನ್ನು ನಿಲ್ಲಿಸಿ ಅಂತ ಹೇಳಿ. ಮಿಕ್ಕ ಮಾತೆಲ್ಲ ಆಮೇಲೆ.

ಯಾಕೆ ಅಂದರೆ ಮನೆ ಕೆಲಸದಲ್ಲಿ ತಪ್ಪು ಸಾಮಾನು ಬಂದಾಗ ಅದನ್ನು ಸರಿ ಮಾಡೋಕೆ ಎಷ್ಟು ಖರ್ಚು ಅನ್ನೋದು ಆ ಸಾಮಾನಿನ ಬೆಲೆಯ ಮೇಲೆ ನಿಂತಿಲ್ಲ. ಅದರ ಮೇಲೆ ಏನು ಮುಚ್ಚಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಇವತ್ತು ಆ ಪೈಪ್ ಗೋಡೆಯ ಗ್ರೂವ್‌ನಲ್ಲಿ ಕಣ್ಣಿಗೆ ಕಾಣೋ ಹಾಗಿದೆ. ಪ್ಲಂಬರ್ ಒಂದು ದಿನದಲ್ಲಿ ಬದಲಾಯಿಸಿ ಕೊಡಬಹುದು. ನಾಳೆ ಗಾರೆ, ವಾಟರ್‌ಪ್ರೂಫಿಂಗ್, ಟೈಲ್ಸ್ ಎಲ್ಲಾ ಅದರ ಮೇಲೆ ಕೂತರೆ ಅದೇ ಪೈಪಿಗೆ ಇಡೀ ಬಾತ್‌ರೂಮ್ ಒಡೆಯಬೇಕಾಗುತ್ತದೆ. ಆಗ ಕಂಟ್ರಾಕ್ಟರ್ ಒಪ್ಪಲ್ಲ, ನಿಮಗೂ ಒಡೆಸೋ ಧೈರ್ಯ ಬರಲ್ಲ, ಇಬ್ಬರೂ ‘ಇರಲಿ ಬಿಡಿ’ ಅಂತ ಸುಮ್ಮನಾಗಿಬಿಡುತ್ತೀರಿ.

ಹಾಗಂತ ಇಡೀ ಕೆಲಸ ನಿಲ್ಲಿಸಬೇಡಿ. ಬೆಡ್‌ರೂಮಿನಲ್ಲಿ ಪೇಂಟಿಂಗ್ ನಡೀತಿದ್ದರೆ ನಡೀಲಿ. ಎಲ್ಲಾ ನಿಲ್ಲಿಸಿದರೆ ಹುಡುಗರನ್ನು ಬೇರೆ ಸೈಟಿಗೆ ಕಳಿಸಿಬಿಡುತ್ತಾರೆ, ಮತ್ತೆ ಕರೆಸಿಕೊಳ್ಳೋಕೆ ವಾರಗಟ್ಟಲೆ ಆಗುತ್ತದೆ, ತಡ ಆಗಿದ್ದಕ್ಕೆ ನೀವೇ ಕಾರಣ ಅನ್ನೋ ಮಾತೂ ಬರುತ್ತದೆ. ಮುಚ್ಚುವ ಕೆಲಸ ಮಾತ್ರ ನಿಲ್ಲಿಸಿ: ಆ ಬಾತ್‌ರೂಮಿನ ಗೋಡೆ, ಅಡುಗೆಮನೆಯಲ್ಲಿ ಲ್ಯಾಮಿನೇಟ್ ಅಂಟಿಸೋದು, ಸ್ವಿಚ್ ಬೋರ್ಡುಗಳ ಪ್ಲೇಟ್ ಹಾಕೋದು.

ಎರಡನೇ ಕೆಲಸ ಸಾಕ್ಷಿ ಎತ್ತಿಟ್ಟುಕೊಳ್ಳೋದು. ಇದರಲ್ಲಿ ಜಗಳ ಏನಿಲ್ಲ, ಕಂಟ್ರಾಕ್ಟರ್ ಎದುರಿಗೇ ಮಾಡಬಹುದು. ಸೀಲ್ ಕಾಣೋ ಹಾಗೆ ಹತ್ತಿರದಿಂದ ಒಂದು ಫೋಟೋ, ಅದು ನಿಮ್ಮ ಅಡುಗೆಮನೆಯೇ ಅಂತ ಗೊತ್ತಾಗೋ ಹಾಗೆ ದೂರದಿಂದ ಇನ್ನೊಂದು ತೆಗೆಯಿರಿ. ಪೈಪ್ ಮೇಲೆ ಪ್ರಿಂಟ್ ಆಗಿರುವ ಅಕ್ಷರ ಓದೋಕೆ ಬರಬೇಕು. ಟೈಲ್ಸ್ ಡಬ್ಬದ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಇರುತ್ತದೆ, ಡಬ್ಬ ಗುಜರಿಗೆ ಹೋಗುವ ಮುಂಚೆ ಅದನ್ನೂ ತೆಗೆದುಕೊಳ್ಳಿ. ಕಾರ್ಪೆಂಟರ್ ಕೊಯ್ದು ಬಿಟ್ಟ ಪ್ಲೈ ತುಂಡುಗಳು ಬಾಲ್ಕನಿಯಲ್ಲಿ ಬಿದ್ದಿರುತ್ತವೆ ನೋಡಿ, ಅದರಲ್ಲಿ ಸೀಲ್ ಇರುವ ಒಂದು ತುಂಡು ಎತ್ತಿಡಿ. ಪೈಪಿನದೂ ಒಂದು ಗೇಣು ತುಂಡು ಇರಲಿ.

ಫೋನಿನಲ್ಲಿ ಏನೇ ಮಾತಾಡಿದರೂ ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ವಾಯ್ಸ್ ಮೆಸೇಜ್ ಬೇಡ. ‘ಇವತ್ತು ಮಾತಾಡಿದ ಹಾಗೆ, ಸಿಂಕ್ ಕೆಳಗೆ 710 ಬದಲು 303 ಎಂಆರ್ ಬಂದಿದೆ, ಬಿಸಿನೀರಿನ ಲೈನಿಗೆ ಸಿಪಿವಿಸಿ (ಬಿಸಿ ತಡೆಯುವ ಪೈಪ್) ಬದಲು ಬೇರೆ ಪೈಪ್ ಬಂದಿದೆ, ಫೋಟೋ ಕಳಿಸಿದ್ದೇನೆ, ಇದು ಸರಿ ಆಗೋವರೆಗೂ ಗೋಡೆ ಮುಚ್ಚಬೇಡಿ’ ಅಂತ ನಾಲ್ಕು ಸಾಲು ಸಾಕು. ಬೈಗುಳ, ಕೋಪ ಯಾವುದೂ ಬೇಡ. ಮುಂದೆ ಯಾರಿಗಾದರೂ ತೋರಿಸಬೇಕಾಗಿ ಬಂದರೆ ಈ ನಾಲ್ಕು ಸಾಲು ಬಹಳ ಕೆಲಸಕ್ಕೆ ಬರುತ್ತದೆ.

ಈಗ ಒಂದೊಂದಾಗಿ ನೋಡೋಣ. ಮೂರೂ ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಕಣ್ಣಿಗೆ ಕಾಣದ ಜಾಗದಲ್ಲಿ ನೀರು ಅಥವಾ ಕರೆಂಟ್ ಹರಿಯುವ ಸಾಮಾನು ತಪ್ಪಾಗಿದ್ದರೆ ಅದು ಹೊರಗೆ ಬರಲೇಬೇಕು, ಅದಕ್ಕೆ ಡಿಸ್ಕೌಂಟ್ ಮಾತೇ ಆಡಬೇಡಿ. ಕಣ್ಣಿಗೆ ಕಾಣುವ, ಬಾಳಿಕೆ ಸ್ವಲ್ಪ ಕಡಿಮೆ ಆಗುವ ಸಾಮಾನಾಗಿದ್ದರೆ ದುಡ್ಡಿನಲ್ಲಿ ಸರಿ ಮಾಡಿಕೊಳ್ಳಬಹುದು.

ಪೈಪ್ ಮೊದಲನೇ ಜಾತಿಗೆ ಸೇರಿದ್ದು. ಬಿಸಿನೀರಿಗೆ ನಮ್ಮಲ್ಲಿ ಹಾಕೋದು ಸಿಪಿವಿಸಿ, ಅದರ ಮೇಲೆ ಐಎಸ್ 15778 ಅಂತ ಪ್ರಿಂಟ್ ಇರುತ್ತದೆ, ಸಾಮಾನ್ಯವಾಗಿ ತಿಳಿ ಕೆನೆ ಬಣ್ಣ. 93 ಡಿಗ್ರಿವರೆಗಿನ ನೀರಿಗೆ ಅಂತಲೇ ಮಾಡಿರೋದು. ಅಚ್ಚ ಬಿಳಿ ಇರೋದು ಸಾಮಾನ್ಯವಾಗಿ ಯುಪಿವಿಸಿ, ತಣ್ಣೀರಿಗೆ ಒಳ್ಳೆಯದು, ಆದರೆ ಬಿಸಿಗೆ ಮೆತ್ತಗಾಗುತ್ತದೆ. ಬಣ್ಣ ನೋಡಿಯೇ ತೀರ್ಮಾನ ಮಾಡಬೇಡಿ, ಪ್ರಿಂಟ್ ಓದಿ. ಗೀಸರ್ ನೀರು ಬರೀ 60 ಡಿಗ್ರಿ ಅಲ್ವಾ ಅಂತ ನಿಮಗೆ ಹೇಳಬಹುದು. ಆ 60 ಡಿಗ್ರಿಗೇ ಯುಪಿವಿಸಿ ಸೋಲುತ್ತದೆ. ಇನ್ನು ನಿಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಸೋಲಾರ್ ಇದ್ದರೆ ಕೇಳೋದೇ ಬೇಡ. ಏಪ್ರಿಲ್‌ನಲ್ಲಿ ಎರಡು ದಿನ ಊರಿಗೆ ಹೋಗಿ ಬಂದು ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು ಬರುತ್ತದೆ. ಅಂಥ ನೀರು ದಿನಾ ಹರಿದು, ಪೈಪ್ ಹಿಗ್ಗಿ ಕುಗ್ಗಿ, ಯಾವುದೋ ಒಂದು ಎಲ್ಬೋ ಹತ್ತಿರ ಬಿರುಕು ಬಿಟ್ಟರೆ ಮೊದಲು ಗೊತ್ತಾಗೋದು ಕೆಳಗಿನ ಮನೆಯವರಿಗೆ. ಅವರ ಸೀಲಿಂಗ್ ಒದ್ದೆ ಆಗಿ ಅವರು ಮೇಲೆ ಬಂದು ಬಾಗಿಲು ತಟ್ಟುತ್ತಾರೆ. ಆ ರಿಪೇರಿಯೂ ನಿಮ್ಮ ತಲೆ ಮೇಲೆ.

ಬದಲಾಯಿಸುವಾಗ ಎರಡು ವಿಷಯ ಗಮನಿಸಿ. ಒಂದು, ಅಂಟು. ಸಿಪಿವಿಸಿಗೆ ಬೇರೆ ಸಾಲ್ವೆಂಟ್, ಯುಪಿವಿಸಿಗೆ ಬೇರೆ. ಪೈಪ್ ಸರಿಯಾದದ್ದು ತಂದು, ಬ್ಯಾಗಿನಲ್ಲಿ ಉಳಿದಿದ್ದ ಹಳೇ ಡಬ್ಬಿಯ ಅಂಟು ಹಚ್ಚುವ ಪ್ಲಂಬರ್‌ಗಳು ಇದ್ದಾರೆ. ಡಬ್ಬಿ ಕೇಳಿ ನೋಡಿ. ಎರಡು, ಪ್ರೆಷರ್ ಟೆಸ್ಟ್. ಎಲ್ಲಾ ಪಾಯಿಂಟಿಗೆ ಎಂಡ್ ಪ್ಲಗ್ ಹಾಕಿ, ಹ್ಯಾಂಡ್ ಪಂಪಿನಿಂದ ಲೈನಿಗೆ ನೀರು ತುಂಬಿ ಪ್ರೆಷರ್ ಕೊಟ್ಟು, ಗೇಜಿನ ಮುಳ್ಳು ಎಲ್ಲಿದೆ ಅಂತ ಫೋಟೋ ತೆಗೆದು, ಕೆಲವು ಗಂಟೆ ಬಿಟ್ಟು ಮತ್ತೆ ನೋಡೋದು. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಈ ಟೆಸ್ಟ್ ಆಗದೆ ಗೋಡೆ ಮುಚ್ಚೋಕೆ ಬಿಡಲೇಬೇಡಿ. ಪಂಪ್ ಬಾಡಿಗೆಗೆ ಸಿಗುತ್ತದೆ, ‘ನಮ್ಮ ಹತ್ರ ಇಲ್ಲ’ ಅನ್ನೋದು ಕಾರಣ ಆಗಲ್ಲ.

ನೀವು ಕೇಳಿಲ್ಲ, ಆದರೆ ಪೈಪಿನಲ್ಲಿ ಹೀಗೆ ಮಾಡಿದವರು ವೈರಿಂಗ್‌ನಲ್ಲಿ ಏನು ಮಾಡಿದ್ದಾರೆ ಅಂತ ನೋಡಲೇಬೇಕು. ನಿಮ್ಮ ಪಟ್ಟಿಯಲ್ಲಿ ವೈರಿಂಗೂ ಇದೆ. ಮೇನ್ ಆಫ್ ಮಾಡಿಸಿ, ಗೀಸರ್ ಪಾಯಿಂಟಿನ ಬಾಕ್ಸ್ ಬಿಚ್ಚಿಸಿ, ವೈರ್ ಮೇಲಿನ ಅಕ್ಷರ ಓದಿ. ಕಂಪನಿ ಹೆಸರು, ಐಎಸ್ 694, ಸೈಜ್ ಇವೆಲ್ಲ ವೈರಿನ ಉದ್ದಕ್ಕೂ ಪದೇ ಪದೇ ಪ್ರಿಂಟ್ ಆಗಿರುತ್ತದೆ. ಮನೆಗಳಲ್ಲಿ ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ, 16 ಆಂಪ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ ಅದರ ವ್ಯಾಟ್ ನೋಡಿ 2.5 ಅಥವಾ 4 ಹಾಕೋದು ರೂಢಿ. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಒಂದೇ 13 ಆಂಪ್ ಎಳೆಯುತ್ತದೆ. ಅಲ್ಲಿ 1.5 ಎಳೆದಿದ್ದರೆ ವೈರ್ ಗೋಡೆಯೊಳಗೇ ಬಿಸಿ ಆಗುತ್ತಾ ಹೋಗುತ್ತದೆ. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತದೆ ಅಂದಾಗ ಕೆಲವರು ಅದನ್ನು ತೆಗೆದು ದೊಡ್ಡದು ಹಾಕಿಬಿಡುತ್ತಾರೆ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಎಂಸಿಬಿ ಇರೋದೇ ಆ ವೈರನ್ನು ಕಾಯೋಕೆ. ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ವೈರ್ ಸುಟ್ಟರೂ ಅದು ಬೀಳಲ್ಲ. ಒಂದು ಸಮಾಧಾನ ಏನಂದರೆ ವೈರ್ ಪೈಪಿನೊಳಗೆ ಇರುವುದರಿಂದ ಸಾಮಾನ್ಯವಾಗಿ ಗೋಡೆ ಒಡೆಯದೆ ಹಳೇದಕ್ಕೆ ಹೊಸದು ಕಟ್ಟಿ ಎಳೆದುಬಿಡಬಹುದು. ಅರ್ಥಿಂಗ್ ವೈರ್ ನಿಜವಾಗಿ ಸಾಕೆಟ್‌ವರೆಗೆ ಬಂದಿದೆಯಾ, ಡಿಬಿಯಲ್ಲಿ (ಎಂಸಿಬಿಗಳಿರುವ ಬಾಕ್ಸ್) 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಇದೆಯಾ ಅಂತಲೂ ಅದೇ ದಿನ ನೋಡಿಕೊಳ್ಳಿ.

ಇನ್ನು ಪ್ಲೈ. ಕೊಟೇಶನ್‌ನಲ್ಲಿ ಬರೆದ ಐಎಸ್ 710 ಅಂದರೆ ಮರೀನ್ ಪ್ಲೈ. ಪದರಗಳನ್ನು ಫೀನಾಲ್ ಅಂಟಿನಿಂದ ಕೂಡಿಸಿರುತ್ತಾರೆ, 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಅನ್ನೋದು ಅದರ ಪರೀಕ್ಷೆ. 303 ಅನ್ನೋದು ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲಿ ಎಂಆರ್ ಅಂತ ಇದ್ದರೆ ಗಾಳಿಯ ತೇವ ತಡೆಯುತ್ತದೆ ಅಷ್ಟೇ, ನೀರು ನಿಂತರೆ ತಡೆಯಲ್ಲ. ಅಂಗಡಿಯವರು ಕಮರ್ಷಿಯಲ್ ಪ್ಲೈ ಅನ್ನೋದು ಇದಕ್ಕೇ. ಅದು ಕೆಟ್ಟ ಮಾಲು ಅಂತ ಅಲ್ಲ. ಬೆಡ್‌ರೂಮಿನ ವಾರ್ಡ್‌ರೋಬಿಗೆ ಧಾರಾಳವಾಗಿ ಹಾಕಬಹುದು. ಸಿಂಕ್ ಕೆಳಗೆ ಮಾತ್ರ ಅದಕ್ಕೆ ಜಾಗ ಇಲ್ಲ, ಯಾಕೆಂದರೆ ಸಿಂಕಿನ ವೇಸ್ಟ್ ಪೈಪ್ ಒಂದಲ್ಲ ಒಂದು ದಿನ ತೊಟ್ಟಿಕ್ಕೇ ತೊಟ್ಟಿಕ್ಕುತ್ತದೆ, ಮನೆಯವರಿಗೆ ಗೊತ್ತಾಗೋದು ತಳದ ಹಲಗೆ ಉಬ್ಬಿ ಬಾಗಿಲು ಹಾಕೋಕೆ ಬರದೇ ಇದ್ದಾಗ.

ಬಣ್ಣ ನೋಡಿ ಮೋಸ ಹೋಗಬೇಡಿ. 710ರ ಅಂಚಿನಲ್ಲಿ ಅಂಟಿನ ಗೆರೆ ಕಪ್ಪಗೆ ಕಾಣುತ್ತದೆ, ನಿಜ. ಆದರೆ ಕಡಿಮೆ ಮಾಲಿಗೂ ಕೆಂಪು ಬಣ್ಣ ಹಾಕಿ ಮಾರೋರು ಇದ್ದಾರೆ. ಸೀಲ್ ನೋಡಿ, ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ, ಅದನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಆ ಲೈಸೆನ್ಸ್ ಯಾರದು, ಯಾವ ಮಾಲಿಗೆ ಕೊಟ್ಟಿದ್ದು ಅಂತ ಬರುತ್ತದೆ. ಸೀಲ್ ಕಾಣದ ಬಾಕ್ಸುಗಳ ಬಗ್ಗೆ ಅನುಮಾನ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡು ಇಂಚಿನ ತುಂಡನ್ನು ಹಳೇ ಪಾತ್ರೆಯಲ್ಲಿ ಹಾಕಿ, ಮೇಲೆ ಕಲ್ಲಿಟ್ಟು ಮುಳುಗಿಸಿ, ಮೂರ್ನಾಲ್ಕು ಗಂಟೆ ಕುದಿಸಿ. ನೀರು ಆರದ ಹಾಗೆ ನೋಡಿಕೊಳ್ಳಿ. ಎಂಆರ್ ಆಗಿದ್ದರೆ ಅಂಚಿನಲ್ಲಿ ಉಬ್ಬಿ, ಉಗುರು ಹಾಕಿದರೆ ಪದರ ಏಳುತ್ತದೆ. ಎದ್ದಿಲ್ಲ ಅಂದ ಮಾತ್ರಕ್ಕೆ 710 ಅಂತ ಸಾಬೀತಾಗಲ್ಲ, ಆದರೆ ಎದ್ದರೆ 710 ಅಲ್ಲವೇ ಅಲ್ಲ. ಈ ತುಂಡನ್ನು ಕಂಟ್ರಾಕ್ಟರ್ ಕೈಗೆ ಕೊಟ್ಟರೆ ‘ಕ್ವಾಲಿಟಿ ಒಂದೇ’ ಅನ್ನೋ ಮಾತು ಅಲ್ಲಿಗೆ ನಿಲ್ಲುತ್ತದೆ.

ಎಲ್ಲಾ ಕೀಳಿಸಬೇಕಾ ಅಂತ ಕೇಳಿದ್ದೀರಿ. ಕೊಟೇಶನ್ ಪ್ರಕಾರ ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೂ ನನ್ನ ಸಲಹೆ ಬೇರೆ. ಸಿಂಕ್ ಬಾಕ್ಸ್, ಅದರ ಎರಡೂ ಪಕ್ಕದ ಬಾಕ್ಸುಗಳು, ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಹತ್ತಿರ ಏನಾದರೂ ಮಾಡಿದ್ದರೆ ಅದು, ಬಾತ್‌ರೂಮಿನ ವ್ಯಾನಿಟಿ, ಇಷ್ಟನ್ನು ಮಾತಿಲ್ಲದೆ 710ರಲ್ಲಿ ಮತ್ತೆ ಮಾಡಿಸಿ. ನೀರಿನಿಂದ ದೂರ ಇರುವ ಮೇಲಿನ ಬಾಕ್ಸುಗಳು, ಟಾಲ್ ಯೂನಿಟ್ ಇವನ್ನು ಬೆಲೆ ಕಡಿಮೆ ಮಾಡಿಸಿ ಇಟ್ಟುಕೊಳ್ಳಬಹುದು. ಲ್ಯಾಮಿನೇಟ್ ಅಂಟಿಸಿ ಆದ ಬಾಕ್ಸುಗಳನ್ನು ಕಿತ್ತರೆ ಒಂದು ತಿಂಗಳು ಮುಂದೆ ಹೋಗುತ್ತದೆ, ಬಾಡಿಗೆ ಮನೆಯಲ್ಲಿದ್ದರೆ ಆ ಬಾಡಿಗೆಯನ್ನೂ ಲೆಕ್ಕ ಹಾಕಿ.

ಕೆಳಗಿನ ಬಾಕ್ಸ್ ತೆಗೆಯೋದು ಸುಲಭವೋ ಕಷ್ಟವೋ ಅನ್ನೋದು ನಿಮ್ಮ ಅಡುಗೆ ಕಟ್ಟೆ ಹೇಗೆ ನಿಂತಿದೆ ಅನ್ನೋದರ ಮೇಲಿದೆ. ಬಗ್ಗಿ ನೋಡಿ. ಹಳೇ ಫ್ಲಾಟುಗಳಲ್ಲಿ ಹೆಚ್ಚಾಗಿ ಗ್ರಾನೈಟ್ ಕಟ್ಟೆ ಕಡಪಾ ಕಲ್ಲಿನ ಮೇಲೋ ಇಟ್ಟಿಗೆ ಗೋಡೆಯ ಮೇಲೋ ಕೂತಿರುತ್ತದೆ, ಬಾಕ್ಸನ್ನು ಅದರ ಕೆಳಗೆ ತಳ್ಳಿರುತ್ತಾರೆ. ಹಾಗಿದ್ದರೆ ಸ್ಕ್ರೂ ಬಿಚ್ಚಿ ಹೊರಗೆ ಎಳೆದು ಹೊಸದು ತಳ್ಳಬಹುದು, ಕಟ್ಟೆಗೆ ಏನೂ ಆಗಲ್ಲ. ಗ್ರಾನೈಟ್ ನೇರವಾಗಿ ಪ್ಲೈ ಬಾಕ್ಸ್ ಮೇಲೇ ಕೂತಿದ್ದರೆ ಕಲ್ಲು ಎತ್ತಬೇಕಾಗುತ್ತದೆ, ಎತ್ತುವಾಗ ಸಿಂಕಿನ ಕಟೌಟ್ ಹತ್ತಿರ ಬಿರುಕು ಬಿಡೋದು ಮಾಮೂಲು. ಬಿಟ್ಟರೆ ಹೊಸ ಕಲ್ಲು ಯಾರ ಖರ್ಚು ಅಂತ ಎತ್ತುವ ಮುಂಚೆಯೇ ಬರೆಸಿಕೊಳ್ಳಿ. ಅವರ ಖರ್ಚೇ ಆಗಬೇಕು.

ಬೆಲೆ ಕಡಿಮೆ ಮಾಡಿಸೋದು ಅಂದರೆ ‘ಏನಾದ್ರೂ ನೋಡಿ ಬಿಡಿ’ ಅಂತ ಅಲ್ಲ. ಲೆಕ್ಕ ಇದೆ. 8 ಅಡಿ, 4 ಅಡಿಯ ಒಂದು ಶೀಟ್ ಅಂದರೆ 32 ಚದರಡಿ. ಎಷ್ಟು ಶೀಟ್ ಉಳಿಸಿಕೊಳ್ಳುತ್ತೀರಿ ಅಂತ ಕಾರ್ಪೆಂಟರ್ ಕೈಲೇ ಎಣಿಸಿ. ಸಿದ್ದಯ್ಯ ರಸ್ತೆಯಲ್ಲೋ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲೋ ಎರಡು ಅಂಗಡಿಯಲ್ಲಿ ಅದೇ ದಪ್ಪದ 710ಕ್ಕೂ ಎಂಆರ್‌ಗೂ ಚದರಡಿಗೆ ಎಷ್ಟು ವ್ಯತ್ಯಾಸ ಅಂತ ವಿಚಾರಿಸಿ. ಉದಾಹರಣೆಗೆ 10 ಶೀಟ್ ಇದ್ದು ವ್ಯತ್ಯಾಸ 40 ರೂಪಾಯಿ ಅಂತಿಟ್ಟುಕೊಂಡರೆ 12,800 ರೂಪಾಯಿ ಆಗುತ್ತದೆ. ಅದಕ್ಕೆ ಮೇಲೆ ಇನ್ನಷ್ಟು ಕೇಳೋದು ನ್ಯಾಯವೇ, ಯಾಕೆಂದರೆ ನಿಮಗೆ ಸಿಗಬೇಕಿದ್ದ ಬಾಳಿಕೆಯೂ ಕಡಿಮೆ ಆಯಿತು, ಕಂಪನಿಯ ವಾರಂಟಿಯೂ ಹೋಯಿತು.

ಟೈಲ್ಸ್ ವಿಷಯದಲ್ಲಿ ಮೊದಲು ಡಬ್ಬ ನೋಡಿ. ಬಣ್ಣ ಮಾತ್ರ ಬೇರೆಯಾ, ಇಲ್ಲಾ ಜಾತಿಯೇ ಬೇರೆಯಾ? ಗೋಡೆಗೆ ಅಂತ ಬರುವ ಸೆರಾಮಿಕ್ ಟೈಲ್ಸ್ ನೀರು ಜಾಸ್ತಿ ಹೀರುತ್ತದೆ, ತೂಕ ತಡೆಯಲ್ಲ, ನುಣುಪು ಬೇರೆ. ಅದನ್ನು ಬಾತ್‌ರೂಮ್ ನೆಲಕ್ಕೆ ಹಾಕಿದ್ದರೆ ಮನೆಯಲ್ಲಿ ವಯಸ್ಸಾದವರು ಇದ್ದಾರೆ ಅಂದುಕೊಂಡೇ ತೀರ್ಮಾನ ಮಾಡಿ, ಕಿತ್ತು ಹಾಕಿಸಿ. ನೆಲಕ್ಕೆ ಹಾಕುವಂಥದ್ದೇ, ಜಾರಲ್ಲ, ಬಣ್ಣ ಮಾತ್ರ ಬೇರೆ ಅಂದರೆ ದುಡ್ಡು ಕಡಿಮೆ ಮಾಡಿಸಿ ಬಿಟ್ಟುಬಿಡಿ ಅಂತ ಹೇಳುತ್ತೇನೆ. ನಿಮಗೆ ಬೇಜಾರಾಗುತ್ತದೆ, ಗೊತ್ತು. ಆದರೆ ನೆಲದ ಟೈಲ್ಸ್ ಒಡೆಯುವಾಗ ಕೆಳಗಿನ ವಾಟರ್‌ಪ್ರೂಫಿಂಗ್ ಕೋಟ್ ಖಂಡಿತ ಹಾಳಾಗುತ್ತದೆ. ಅದನ್ನು ಮತ್ತೆ ಪೂರ್ತಿ ಮಾಡಿ, ನೀರು ನಿಲ್ಲಿಸಿ ಟೆಸ್ಟ್ ಮಾಡಿದರೆ ಮಾತ್ರ ಒಡೆಯಿಸಿ. ಮೇಲೆ ಮೇಲೆ ತೇಪೆ ಹಾಕಿ ಬಣ್ಣ ಸರಿ ಮಾಡಿಕೊಂಡರೆ ಬಣ್ಣ ಸಿಗುತ್ತದೆ, ಸೋರಿಕೆಯೂ ಜೊತೆಗೆ ಬರುತ್ತದೆ. ಒಂದು ನಾಣ್ಯ ತಗೊಂಡು ಹಾಕಿರುವ ಟೈಲ್ಸ್ ಮೇಲೆಲ್ಲ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದ ಕಡೆ ಚಾಕ್‌ನಲ್ಲಿ ಗುರುತು ಮಾಡಿ. ಬಣ್ಣ ಏನೇ ಇರಲಿ, ಟೊಳ್ಳು ಇರೋದನ್ನು ಅವರು ಸರಿ ಮಾಡಲೇಬೇಕು.

ಈಗ ಪರಿಚಯದ ವಿಷಯ. ದಾಕ್ಷಿಣ್ಯ ದೊಡ್ಡದು, ನನಗೆ ಅರ್ಥ ಆಗುತ್ತದೆ. ನಾಳೆ ಯಾವುದೋ ಮದುವೆ ಮನೆಯಲ್ಲಿ ಎದುರಾಗಬೇಕು. ಆದರೆ ಮಾತಾಡದೆ ಒಳಗೇ ಇಟ್ಟುಕೊಂಡರೆ ಸಂಬಂಧ ಇನ್ನೂ ಜಾಸ್ತಿ ಕೆಡುತ್ತದೆ, ಸಿಂಕ್ ಬಾಕ್ಸ್ ಉಬ್ಬಿದಾಗಲೆಲ್ಲ ಅತ್ತಿಗೆಯ ಹೆಸರು ಮನೆಯಲ್ಲಿ ಬರುತ್ತದೆ. ಅತ್ತಿಗೆಯನ್ನು ನಡುವೆ ತರಬೇಡಿ, ಅವರ ಮೂಲಕ ಹೇಳಿಸಲೂ ಬೇಡಿ. ನೀವು, ನಿಮ್ಮ ಯಜಮಾನರು, ಕಂಟ್ರಾಕ್ಟರ್, ಈ ಮೂವರೇ ಸೈಟಿನಲ್ಲಿ ಕೂತು ಮಾತಾಡಿ. ಕೊಟೇಶನ್ ಪ್ರಿಂಟ್ ತೆಗೆದುಕೊಂಡು ಹೋಗಿ.

ಮೋಸ ಮಾಡಿದ್ದೀರಿ ಅಂತ ಶುರು ಮಾಡಬೇಡಿ. ತಪ್ಪು ಎಲ್ಲಿ ಆಗಿದೆ ಅಂತ ನಿಮಗಿನ್ನೂ ಗೊತ್ತಿಲ್ಲ. ಕಂಟ್ರಾಕ್ಟರ್ ಬೇಕಂತಲೇ ಕಡಿಮೆದು ತಂದಿರಬಹುದು. ಅಂಗಡಿಯವರು ಸ್ಟಾಕ್ ಇಲ್ಲ ಅಂತ ಬೇರೆ ಕಳಿಸಿ, ಇವರು ನೋಡದೆ ಇಳಿಸಿಕೊಂಡಿರಬಹುದು. ವಾರ್ಡ್‌ರೋಬಿಗೆ ಅಂತ ಬಂದ ಶೀಟನ್ನು ಕಾರ್ಪೆಂಟರ್ ಅಡುಗೆಮನೆಗೆ ಕೊಯ್ದಿರಬಹುದು. ಇದನ್ನು ತಿಳಿಯೋಕೆ ಒಂದೇ ದಾರಿ, ಬಿಲ್. ‘ಪ್ಲೈ ಬಿಲ್ ಮತ್ತು ಡೆಲಿವರಿ ಚಲನ್ ಒಂದ್ಸಲ ತೋರಿಸಿ, ಅಂಗಡಿಯವರು ತಪ್ಪು ಕಳಿಸಿದ್ದಾರಾ ನೋಡೋಣ’ ಅಂತ ಕೇಳಿ. ಪ್ರಾಮಾಣಿಕರಾಗಿದ್ದರೆ ಅವತ್ತೇ ಬಿಲ್ ಬರುತ್ತದೆ, ಅಂಗಡಿಯವರ ಜೊತೆ ಅವರೇ ಜಗಳ ಆಡುತ್ತಾರೆ. ಬಿಲ್ ಕೊಡೋಕೆ ಹಿಂದೆ ಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕ ಹಾಗೆ. ಕೊಟೇಶನ್‌ನಲ್ಲಿ ‘710 ಅಥವಾ ಅದಕ್ಕೆ ಸಮಾನ’ ಅಂತ ಇದೆಯಾ ಅಂತಲೂ ನೋಡಿಕೊಳ್ಳಿ. ಇದ್ದರೂ ಹೆದರಬೇಡಿ, 303 ಎಂಆರ್ ಯಾವ ಲೆಕ್ಕದಲ್ಲೂ 710ಕ್ಕೆ ಸಮ ಅಲ್ಲ.

ಇನ್ನೊಂದು ಮಾತು ಕಳಕಳಿಯಿಂದ ಹೇಳುತ್ತೇನೆ. ಸೈಟಿನಲ್ಲಿರುವ ಹುಡುಗರ ಮೇಲೆ ಕೂಗಾಡಬೇಡಿ. ಅವರಲ್ಲಿ ಬಹಳ ಜನ ದೂರದ ಊರಿಂದ ಬಂದು ದಿನಗೂಲಿಗೋ ಚದರಡಿ ಲೆಕ್ಕಕ್ಕೋ ಕೆಲಸ ಮಾಡೋರು. ಅವರ ಕೈಗೆ ಏನು ಕೊಟ್ಟರೋ ಅದನ್ನು ಹಾಕಿದ್ದಾರೆ. ಎಷ್ಟೋ ಸಲ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಅಣ್ಣ, ಇದು ಯಾವ ಪ್ಲೈ?’ ಅಂತ ಟೀ ಕೊಟ್ಟು ಕೇಳಿದರೆ ನಿಜ ಹೇಳುತ್ತಾರೆ. ಮತ್ತೆ ಮಾಡುವ ಕೆಲಸದ ಕೂಲಿ ಅವರ ಹೆಗಲಿಗೆ ಬೀಳದ ಹಾಗೆ ಕಂಟ್ರಾಕ್ಟರ್‌ಗೆ ಹೇಳಿ. ಕೂಲಿ ಸಿಗದ ಕೆಲಸವನ್ನು ಯಾರೂ ಮನಸ್ಸಿಟ್ಟು ಮಾಡಲ್ಲ, ಆ ಬಾತ್‌ರೂಮ್ ನಿಮ್ಮದು.

ಬಾಕಿ 2.5 ಲಕ್ಷ ತಡೆ ಹಿಡಿಯಬಹುದಾ? ಹಿಡಿಯಿರಿ, ಆದರೆ ಸುಮ್ನೆ ಪೂರ್ತಿ ಕೊಡಲ್ಲ ಅಂತ ಕೂರಬೇಡಿ. ಯಾವ ಕೆಲಸ ಆದ ಮೇಲೆ ಎಷ್ಟು ಅಂತ ಬರೆದು ಇಬ್ಬರೂ ಸಹಿ ಹಾಕಿ. ಪೈಪ್ ಬದಲಾಗಿ ಪ್ರೆಷರ್ ಟೆಸ್ಟ್ ಆದ ಮೇಲೆ ಇಷ್ಟು, ಸಿಂಕ್ ಕಡೆಯ ಬಾಕ್ಸುಗಳು ಬಂದ ಮೇಲೆ ಇಷ್ಟು, ಎಲ್ಲಾ ಮುಗಿದು ಒಂದೆರಡು ತಿಂಗಳು ಮನೆಯಲ್ಲಿ ಇದ್ದು ನೋಡಿದ ಮೇಲೆ ಕೊನೆಯದು ಇಷ್ಟು. ಸರಿಯಾಗಿ ಆದ ಕೆಲಸದ ದುಡ್ಡನ್ನು ತಡ ಮಾಡದೆ ಕೊಡಿ. ಹೊಸ ಅಡ್ವಾನ್ಸ್ ಮಾತ್ರ ಒಂದು ರೂಪಾಯಿಯೂ ಬೇಡ. ‘ಮೆಟೀರಿಯಲ್ ತರೋಕೆ ದುಡ್ಡು ಬೇಕು’ ಅಂದರೆ ಅಂಗಡಿಗೆ ನೀವೇ ಕಟ್ಟಿ, ಬಿಲ್ ನಿಮ್ಮ ಹೆಸರಿಗೆ ಮಾಡಿಸಿ.

ಒಪ್ಪಲೇ ಇಲ್ಲ ಅಂದರೆ? ಆಗಲೂ ನೀವಾಗಿ ಕೀಳಿಸಬೇಡಿ. ಮೊದಲು ಒಂದು ನೋಟಿಸ್ ಕೊಡಿ, ತಪ್ಪುಗಳ ಪಟ್ಟಿ, ಫೋಟೋ, 15 ದಿನದ ಗಡುವು, ಅಷ್ಟರಲ್ಲಿ ಸರಿ ಮಾಡದಿದ್ದರೆ ಬೇರೆಯವರಿಂದ ಮಾಡಿಸಿ ಖರ್ಚು ನಿಮ್ಮಿಂದ ವಸೂಲಿ ಮಾಡುತ್ತೇವೆ ಅಂತ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ವಾಟ್ಸಾಪ್‌ನಲ್ಲೂ ಹಾಕಿ. ಸಂಬಂಧ ಇಲ್ಲದ ಒಬ್ಬ ಸಿವಿಲ್ ಇಂಜಿನಿಯರ್ ಕರೆಸಿ ಲಿಖಿತ ರಿಪೋರ್ಟ್ ಮಾಡಿಸಿ. ಗಡುವು ಮುಗಿದ ಮೇಲೆ ಬೇರೆಯವರಿಂದ ಮಾಡಿಸುವಾಗ ತೆಗೆಯೋದನ್ನೆಲ್ಲ ವಿಡಿಯೋ ಮಾಡಿ, ತೆಗೆದ ಸಾಮಾನು ಸ್ವಲ್ಪವಾದರೂ ಎತ್ತಿಡಿ.

ಪೊಲೀಸ್ ಸ್ಟೇಷನ್ನಿಗೆ ಹೋದರೆ ಹೆಚ್ಚಾಗಿ ಇದು ಸಿವಿಲ್ ವಿಷಯ ಅಂತ ಕಳಿಸಿಬಿಡುತ್ತಾರೆ. ನಿಮ್ಮ ದಾರಿ ಗ್ರಾಹಕರ ಆಯೋಗ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಟ್ರಾಕ್ಟರ್ ಆಫೀಸ್ ಎಲ್ಲೇ ಇರಲಿ. ನೀವು ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೇ ಬರುತ್ತದೆ. 5 ಲಕ್ಷದವರೆಗೆ ಫೀಸ್ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅದನ್ನು ಮರೆಯಬೇಡಿ. ಬೇಕಿದ್ದರೆ ಸಾಮಾನನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕಿದೆ, ಅದಕ್ಕೇ ಆ ಪ್ಲೈ ತುಂಡು ಎತ್ತಿಡಿ ಅಂದಿದ್ದು. ಇದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ಮಾತಿನಲ್ಲಿ ಬಗೆಹರಿಯುವ ಅವಕಾಶ ಇರುವಾಗ ಸ್ವಲ್ಪ ಬಿಟ್ಟುಕೊಟ್ಟರೂ ಪರವಾಗಿಲ್ಲ, ಪೈಪ್ ಮತ್ತು ವೈರ್ ಬಿಟ್ಟು.

ಎರಡನೇ ಬಾತ್‌ರೂಮ್ ಇವರಿಗೆ ಕೊಡೋದಾ ಅಂತ ಕೇಳಿದ್ದೀರಿ. ಬಿಸಿನೀರಿನ ಪೈಪನ್ನು ಅವರೇ ಒಪ್ಪಿ, ಈ ವಾರದೊಳಗೆ ಅವರ ಖರ್ಚಿನಲ್ಲಿ ಬದಲಾಯಿಸಿದರೆ ಕೊಡಿ, ಆದರೆ ಮೆಟೀರಿಯಲ್ ನಿಮ್ಮದು, ಲೇಬರ್ ಮಾತ್ರ ಅವರದು. ಮೊದಲಿನ ಮೊತ್ತದಿಂದ ಆ ಮೆಟೀರಿಯಲ್ ದುಡ್ಡು ಕಳೆದು ಹೊಸದಾಗಿ ಬರೆಸಿಕೊಳ್ಳಿ. ಗಾಡಿಯಿಂದ ಇಳಿಸುವಾಗ ಮನೆಯವರು ಒಬ್ಬರು ನಿಂತು ಸೀಲ್, ಪ್ರಿಂಟ್, ಶೇಡ್ ನಂಬರ್ ನೋಡಿ ಫೋಟೋ ತೆಗೆಯಲಿ. ಪೈಪ್ ವಿಷಯದಲ್ಲೇ ‘ಏನೂ ಆಗಲ್ಲ ಮೇಡಂ’ ಅಂತ ವಾದ ಮಾಡಿದರೆ ಅಲ್ಲಿಗೆ ಲೆಕ್ಕ ಚುಕ್ತಾ ಮಾಡಿ ಬೇರೆ ಪ್ಲಂಬರ್ ನೋಡಿ. ಹೊಸಬರು ಬಂದ ದಿನವೇ ಹಳಬರು ಹಾಕಿರುವ ತಣ್ಣೀರಿನ ಲೈನನ್ನೂ ಸೇರಿಸಿ ಟೆಸ್ಟ್ ಮಾಡಿಸಿ, ಇಲ್ಲದಿದ್ದರೆ ಮುಂದೆ ಎಲ್ಲಿ ಸೋರಿದರೂ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.